ಮೋಟಿಗೆ ನೆಟ್ಟ ಕುಡಿ

ಕಡಿದ ಮರದ ಮೋಟಿನ ನಡುವೆ, ಒಂದು ಸಣ್ಣ ಸೀಳಿನಲ್ಲಿ, ಗೇಣುದ್ದದ ಕುಡಿಯೊಂದು ನಿಂತಿತ್ತು. ಹಸಿರಾಗಿ, ನೆಟ್ಟಗೆ, ಬಿದ್ದ ಮರ ತಾನಲ್ಲವೇ ಅಲ್ಲ ಎಂಬಂತೆ.

ನಾನು ಹಣೆ ಚಚ್ಚಿಕೊಂಡೆ. ಬೆಟ್ಟ ಕಂಪಿಸಿ ಮರಗಳ ಮೇಲಿನ ಹಿಮ ಉದುರಿತು ಎಂದರೆ ನೀವು ನಂಬಬೇಕು.

ಮೂರು ದಿನದ ಹಿಂದೆಯೂ ಆ ಕುಡಿ ಇಲ್ಲೇ ಇತ್ತು. ಅವತ್ತು ಇದೇ ಮೋಟಿನ ಮುಂದೆ ಮಂಡಿಯೂರಿದ್ದೆ. ಪಕ್ಕದಲ್ಲಿ ಮರದ ವ್ಯಾಪಾರಿ ಕುಜುಮಿಯ ಹೆಣ, ಅವನ ಎದೆಯ ಮೇಲೆ ಇಡೀ ಹಿನೊಕಿ ಮರ, ಸುತ್ತ ಓಕುತಾನಿ ಹಳ್ಳಿಗೆ ಹಳ್ಳಿಯೇ. ಎಲ್ಲರೂ ಆ ಕುಡಿಯನ್ನು ಕಂಡರು, ಯಾರೂ ನೋಡಲಿಲ್ಲ. ಈ ಬೆಟ್ಟದಲ್ಲಿ ಮೋಟು ಎಂದರೆ ಕುಡಿ ಇದ್ದೇ ಇರುತ್ತದೆ. ಮರ ಕಡಿದವನು ಅದರ ನೆತ್ತಿಯ ಚಿಗುರು ಮುರಿದು ಮೋಟಿಗೆ ಚುಚ್ಚಿ, ಒಳಗಿದ್ದ ಜೀವಕ್ಕೆ, ನಮ್ಮ ಕೊದಮಾಗೆ, 'ಇಗೋ, ನಿನಗೆ ಮನೆ' ಎಂದು ಕೈ ಮುಗಿದೇ ಕೆಳಗಿಳಿಯುವುದು.

ಆದರೆ ಹಾಗೆ ಮಾಡುವುದು ಮರ ಕಡಿಯುವವರು. ಇದ್ದಿಲು ಸುಡುವವರಲ್ಲ. ಅವರು ಕಡಿಯುವ ಓಕ್ ಮರ ಬುಡದಿಂದ ತಾನೇ ಚಿಗುರುತ್ತದೆ, ಕುಡಿ ನೆಡುವ ಹಂಗು ಅವರಿಗಿಲ್ಲ.

ಪೊಲೀಸ್ ಚೌಕಿಯಲ್ಲಿ ಕೈಗೆ ಕೋಳ ಹಾಕಿಸಿಕೊಂಡು ಕೂತಿರುವ ಕುಮಾತಾ ಇದ್ದಿಲು ಸುಡುವವನು. ಮೂರು ಗಂಟೆಯ ಬಸ್ಸಿಗೆ ಅವನನ್ನು ಪಟ್ಟಣಕ್ಕೆ ಸಾಗಿಸುತ್ತಾರೆ. ಅಲ್ಲಿಂದ ಅವನು ಹೋಗುವ ಜಾಗಕ್ಕೆ ಮರಳಿ ಬರುವ ಬಸ್ಸಿಲ್ಲ.

ಅವನನ್ನು ಅಲ್ಲಿ ಕೂರಿಸಿದ್ದು ಯಾರು ಗೊತ್ತೇ? ನಾನೇ. ಗೆಂಪಾಚಿ. ಗರಗಸಗಳ ಹಲ್ಲಿಗೆ ಅರ ಹಾಕುವುದರಲ್ಲಿ ಏಳು ಕಣಿವೆಗಳಲ್ಲಿ ನನ್ನ ಸಮ ಹುಟ್ಟಿಲ್ಲ, ಹುಟ್ಟುವ ಅಂದಾಜೂ ಇಲ್ಲ. ನಾನು ಹರಿತ ಮಾಡಿದ ಗರಗಸದ ನೆರಳು ಬಿದ್ದರೆ ಸಾಕು, ಮರ ಅರ್ಧ ಒಪ್ಪಿಕೊಂಡುಬಿಡುತ್ತದೆ. ಅವತ್ತು ಮೋಟಿನ ಮೇಲೆ ಬೆರಳಾಡಿಸಿ, ಪ್ರತಿ ಎಳೆತಕ್ಕೂ ಎದ್ದು ನಿಂತಿದ್ದ ಕೂದಲೆಳೆಯಷ್ಟು ಏಣನ್ನು ತೋರಿಸಿ, ನಲವತ್ತು ಜನರ ಮುಂದೆ ಎದೆ ತಟ್ಟಿಕೊಂಡಿದ್ದೆ: "ಈ ಗರಗಸಕ್ಕೆ ಹಿಡಿಯಿಂದ ಒಂಬತ್ತನೇ ಹಲ್ಲು ಇಲ್ಲ! ಇದು ಕುಮಾತಾನ ಗರಗಸ! ಕಣ್ಣು ಕಟ್ಟಿ ಕೂರಿಸಿದ್ರೂ ಹೇಳ್ತೀನಿ!"

ಬಾಯಿ ಮುಂದೆ ಓಡಿತ್ತು, ತಲೆ ಹಿಂದೆ ಕುಂಟುತ್ತಿತ್ತು.

ಪೊಲೀಸಪ್ಪ ಮಿಕುರಿಯಾ ಆಗಲೇ ಕುಮಾತಾನ ಕೊರಳಪಟ್ಟಿ ಹಿಡಿದಾಗಿತ್ತು. ನಾನು ಮೀಸೆ ತಿರುವಿಕೊಂಡು ಗುಡಿಸಲಿಗೆ ಬಂದೆ, ಗೋಡೆ ನೋಡಿದೆ. ಮೂರನೇ ಮೊಳೆಯಲ್ಲಿ ಕುಮಾತಾನ ಗರಗಸ ತೂಗುತ್ತಿತ್ತು. ಹನ್ನೊಂದನೇ ತಾರೀಖು ಅವನೇ ಹರಿತಕ್ಕೆ ಕೊಟ್ಟು ಹೋಗಿದ್ದು. ಎಣ್ಣೆ ಸವರಿ ನಾನೇ ನೇತುಹಾಕಿದ್ದು. ಈಗ ಹಲ್ಲುಗಳ ಸಂದಿನಲ್ಲಿ ಹಿನೊಕಿಯ ಅಂಟಿತ್ತು, ಅದರ ಘಮವಿತ್ತು.

ಕುಜುಮಿ ಸತ್ತದ್ದು ಹನ್ನೆರಡನೇ ತಾರೀಖು.

ಮಿಕುರಿಯಾ ಮೂರು ದಿನದಿಂದ ಹೊಳೆಯ ಮಡುವಿನಲ್ಲಿ ಆ ಗರಗಸಕ್ಕಾಗಿ ಜಾಲಾಡಿಸುತ್ತಿದ್ದಾನೆ. ಅದು ನನ್ನ ತಲೆಯ ಮೇಲೇ ತೂಗುತ್ತಿದೆ. "ನನ್ನ ಗರಗಸ ಗೆಂಪಾಚಿ ಹತ್ರ ಇತ್ತು" ಎಂಬ ಒಂದೇ ಮಾತು ಆಡಿದ್ದರೆ ಕುಮಾತಾ ಹೊರಗಿರುತ್ತಿದ್ದ, ನಾನು ಒಳಗಿರುತ್ತಿದ್ದೆ. ಅವನು ಆಡಲಿಲ್ಲ. ಸಿಕ್ಕಿಬಿದ್ದ ಗಳಿಗೆಯಿಂದ ತುಟಿ ಎರಡು ಮಾಡಿಲ್ಲ.

ಯಾಕೆ? ಅದೇ ನನ್ನನ್ನು ತಿನ್ನುತ್ತಿರುವುದು. ಅನ್ನದ ಜೊತೆ ದಿನಕ್ಕೆ ಮೂರು ಸಲ ನಾನೂ ಆ ಮಾತನ್ನು ನುಂಗಿ ಸುಮ್ಮನಿದ್ದೇನೆ.

ಕುಡಿಯನ್ನು ಸೀಳಿನಿಂದ ಮೆಲ್ಲಗೆ ಎತ್ತಿದೆ. ತೊಟ್ಟು ಒಂದೇ ಏಟಿಗೆ ಓರೆಯಾಗಿ ಕತ್ತರಿಸಿತ್ತು, ಮುಖ ಕನ್ನಡಿಯ ಹಾಗೆ ನುಣುಪು. ಇಂಥ ಏಟು ಹೊಡೆಯುವ ಕೈಕೊಡಲಿ ಈ ಬೆಟ್ಟದಲ್ಲಿ ಒಂದೇ ಇದೆ. ಅದರ ಒಡೆಯ ಹನ್ನೆರಡನೇ ತಾರೀಖಿನ ಊರೂಟಕ್ಕೆ ಬಂದಿರಲಿಲ್ಲ, ಹೊಟ್ಟೆನೋವು ಎಂದು ಹೇಳಿಕಳಿಸಿದ್ದ.

ಏಳುವಾಗ ಕಣ್ಣು ಪಕ್ಕಕ್ಕೆ ಹೋಯಿತು. ಹತ್ತು ಮಾರು ದೂರದಲ್ಲಿ ದೇವರ ಮರವೆಂದು ಹುಲ್ಲುಹಗ್ಗ ಸುತ್ತಿದ ಮುದಿ ಹಿನೊಕಿ ನಿಂತಿದೆ. ಕುಜುಮಿ ಬಂದಿದ್ದೇ ಅದಕ್ಕಾಗಿ. ಯುದ್ಧದಲ್ಲಿ ಸುಟ್ಟ ಪಟ್ಟಣಗಳಿಗೆಲ್ಲ ತೊಲೆ ಬೇಕಿತ್ತು. ಆ ಮುದಿಮರದ ಬೇರಿನ ಸಂದಿಯಲ್ಲಿ ಯಾರೋ ಹೊಳೆಯ ಕಲ್ಲೊಂದನ್ನು ಕೂರಿಸಿ, ಅದಕ್ಕೆ ಎಳೆಗೂಸಿನ ಜೊಲ್ಲುಬಟ್ಟೆ ಕಟ್ಟಿದ್ದರು. ಕೆಂಪು ಬಟ್ಟೆ, ಬಿಳಿ ದಾರದ ಹೊಲಿಗೆ. ತೀರಿಹೋದ ಮಗುವಿಗೆ ಹಾಗೆ ಕಟ್ಟುವುದುಂಟು. ಓಕುತಾನಿಯವರು ಮಕ್ಕಳನ್ನು ಹೂಳುವುದು ಇಲ್ಲಿ ಅಲ್ಲವಲ್ಲ ಎನಿಸಿತು. ಆದರೆ ಹೊತ್ತಿರಲಿಲ್ಲ, ಓಡಿದೆ.

*

ಮರ ಕಡಿಯುವವರ ಮೇಸ್ತ್ರಿ ಯಾಸೋಜಿ ಒಲೆಗುಂಡಿಯ ಪಕ್ಕದಲ್ಲಿ ಒಬ್ಬನೇ ಕೂತಿದ್ದ. ಎಪ್ಪತ್ತೊಂದು ವರ್ಷ. ಅವನು ಉರುಳಿಸಿದ ಮರಗಳನ್ನು ಸಾಲಾಗಿಟ್ಟರೆ ಸಮುದ್ರ ದಾಟಬಹುದು.

"ಬಾರೋ ಡಂಗುರ," ಎಂದ. "ಇವತ್ತು ಯಾರನ್ನ ಗಲ್ಲಿಗೆ ಹಾಕ್ಸೋಕೆ ಬಂದೆ?"

ಕುಡಿಯನ್ನು ಚಾಪೆಯ ಮೇಲಿಟ್ಟೆ.

ಯಾಸೋಜಿ ಅದನ್ನು ನೋಡಿದ. ಕೆಟಲಿನ ಮುಚ್ಚಳ ಟಪಟಪ ಕುಣಿಯಿತು. ಅವನು ಇಳಿಸಲಿಲ್ಲ.

"ಇದನ್ನ ಕೀಳಬಾರದಿತ್ತು ನೀನು."

"ನೆಟ್ಟವರು ಯಾರು ಮೇಸ್ತ್ರಿಗಳೇ?"

"ನೆಟ್ಟವನಿಗೆ ಗೊತ್ತು."

"ಏಟು ನೋಡಿ. ಒಂದೇ ಏಟು. ಊರಲ್ಲಿ ಉಳಿದವರು ಹೊಡೆದ್ರೆ ಇಲಿ ಕಡಿದ ಹಾಗಿರುತ್ತೆ."

"ನಿನ್ನ ಹೊಗಳಿಕೆ ನೀನು ಕುಡಿಸೋ ಸಾಕೆ ಹೆಂಡ ಇದ್ದ ಹಾಗೆ. ಅರ್ಧ ನೀರು."

"ಮೂರು ಗಂಟೆಗೆ ಬಸ್ಸು ಮೇಸ್ತ್ರಿಗಳೇ. ಕುಮಾತಾನ ಕುತ್ತಿಗೆ ಹೋಗುತ್ತೆ."

"ಆ ಹಗ್ಗ ಹೊಸೆದವನು ನೀನು."

ಬಾಣ ನೆಟ್ಟಿತು. ಆದರೂ ನಾನು ಅಲುಗಲಿಲ್ಲ. ಬಿರುಗಾಳಿಗೆ ಹೊಳೆಯೇ ದಿಕ್ಕು ಬದಲಿಸಿದಾಗಲೂ ಅಲುಗದವನು ನಾನು. "ಹೌದು, ನಾನೇ ಹೊಸೆದದ್ದು. ಬಿಚ್ಚೋದಕ್ಕೂ ನಾನೇ ಓಡಾಡ್ತಿದೀನಿ. ಹನ್ನೆರಡಕ್ಕೆ ನೀವು ಬೆಟ್ಟದಲ್ಲಿದ್ರಿ."

ನಮ್ಮೂರಲ್ಲಿ ಯಾರ ಮೇಲೂ ಹೊರಿಸಬಾರದ ಮಾತು ಅದು.

ಹನ್ನೆರಡನೇ ತಾರೀಖು ಎಂದರೆ ಬೆಟ್ಟದಮ್ಮ ತನ್ನ ಮರಗಳನ್ನು ಎಣಿಸುವ ದಿನ. ಅವತ್ತು ಬೆಟ್ಟ ಹತ್ತಿದ ಮನುಷ್ಯನನ್ನೂ ಅವಳು ಮರವೆಂದೇ ಎಣಿಸಿಬಿಡುತ್ತಾಳೆ. ಎಣಿಕೆಗೆ ಸೇರಿದವನು ಅವಳ ಸೊತ್ತು. ಹಾಗಾಗಿ ಊರಿಗೆ ಊರೇ ಪಟೇಲರ ಮನೆಯಲ್ಲಿ ಬಾಗಿಲೆಳೆದುಕೊಂಡು ಕೂರುತ್ತದೆ. ಅಮ್ಮ ಕುರೂಪಿಯಂತೆ, ತನಗಿಂತ ಕುರೂಪಿಯನ್ನು ಕಂಡರೆ ಅವಳಿಗೆ ನಗುವಂತೆ. ಅದಕ್ಕೇ ಗೂಟಕ್ಕೆ ವಿಕಾರ ಮೂತಿಯ ಒಣಮೀನೊಂದನ್ನು ಸಿಕ್ಕಿಸಿ ಕುಡಿಯುತ್ತೇವೆ. ಈ ಸಲ ಮೀನು ಸಿಗದಿದ್ದರೆ ನನ್ನನ್ನೇ ಸಿಕ್ಕಿಸುವುದೆಂದು ಪಟೇಲರ ಹೆಂಡತಿ ಹೇಳಿದ್ದರು.

ಆ ಊಟದ ನಡುವೆಯೇ ನಮಗೆ ಕೇಳಿಸಿತ್ತು. ಮೊದಲು ಕೊಡಲಿ, ಆಮೇಲೆ ಗರಗಸ. ಒಂದು ಗಂಟೆ ಹೊತ್ತು ಗರಗಸ. ಕೊನೆಗೆ ಮರ ಬಿದ್ದ ಸದ್ದು, ಅದರ ಬೆನ್ನಿಗೇ ಒಂದು ಕೂಗು: "ಓಯ್!"

ನಲವತ್ತೊಂದು ಜನ ತಟ್ಟೆ ನೋಡಿಕೊಂಡು ಕೂತೆವು. ಯಾರೂ ಇಲ್ಲದ ಬೆಟ್ಟದಲ್ಲಿ ಕೊದಮಾಗಳು ಹೀಗೆ ಮರ ಕಡಿದಂತೆ ಸದ್ದು ಮಾಡುತ್ತವೆ, ಹೋಗಿ ನೋಡಿದರೆ ಒಂದು ಕಡ್ಡಿಯೂ ಮುರಿದಿರುವುದಿಲ್ಲ. ಅಜ್ಜಂದಿರ ಕಾಲದಿಂದ ಕೇಳಿದ್ದೇ. ಒಬ್ಬ ಮನುಷ್ಯನ ಕೊಲೆಯನ್ನು ಆದಿಯಿಂದ ಅಂತ್ಯದವರೆಗೆ ಕಿವಿಯಾರೆ ಕೇಳಿ, ಉಪ್ಪಿನಕಾಯಿ ನೆಂಚಿಕೊಂಡವರು ನಾವು.

ಯಾಸೋಜಿ ಬಲಗೈ ಚಾಚಿದ. "ಬಗ್ಗಿಸು ನೋಡೋಣ."

ನಾನು ಅವನ ಬೆರಳು ಮಡಿಸಲು ನೋಡಿದೆ. ಕೊರಡಿನ ಹಾಗಿದ್ದವು.

"ಹನ್ನೆರಡರಿಂದ ಹೀಗೆ," ಎಂದ. "ಎಣಿಸಿಬಿಟ್ಟಳು ಕಣೋ."

"ಚಳಿಗೆ ಮೇಸ್ತ್ರಿಗಳೇ. ವಯಸ್ಸಿಗೆ."

"ನಿನ್ನ ತಲೆ." ಕೈಯನ್ನು ಮಡಿಲಿಗೆ ಎಳೆದುಕೊಂಡ. "ಹಗ್ಗ ಕಟ್ಟಿದ ಆ ಮುದಿಮರದ ಮಾರಾಟಕ್ಕೆ ಮುದ್ರೆ ಒತ್ತಿದವನು ನಾನು. ಅದಕ್ಕೊಂದು ಮಾತು ಹೇಳದೆ ಒತ್ತಿದ್ದೆ. ನಿದ್ದೆ ಬರ್ಲಿಲ್ಲ. ಅಮ್ಮ ಎದುರಿಗಿರೋ ದಿನವೇ ಹೋಗಿ, ಸಾಕೆ ಸುರಿದು, ತಪ್ಪಾಯ್ತು ಅನ್ನೋಣ ಅಂತ ಹೋದೆ."

"ಕಡಿದವರನ್ನ ನೋಡಿದ್ರಾ?"

"ನೋಡಲಿಲ್ಲ. ದಾರಿ ತಿರುವಿನಲ್ಲಿದ್ದೆ, ಬಂಡೆ ಅಡ್ಡ. ಗರಗಸ ಕೇಳಿಸ್ತು. ಕೊದಮಾ ಅಂದ್ಕೊಂಡೆ. ಆಮೇಲೆ ಅನ್ನಿಸ್ತು, ಇದೆಂಥ ಕೊದಮಾ, ಎಳೆದಾಗೆಲ್ಲ ಒಂದು ಕಡೆ ಬಿಕ್ಕುತ್ತೆ? ಒಂದು ಹಲ್ಲಿಲ್ಲದ ಗರಗಸ. ಉಳಿದ ಹಲ್ಲೆಲ್ಲ ಹಾಡ್ತಿವೆ. ನೆನ್ನೆ ಮೊನ್ನೆ ಅರ ಹಾಕಿದ್ದು." ತಲೆಯೆತ್ತಿ ನನ್ನನ್ನು ನೋಡಿದ. "ಈ ಕಣಿವೇಲಿ ಗರಗಸಕ್ಕೆ ಹಾಡು ಕಲಿಸೋನು ಒಬ್ಬನೇ."

ಜೀವಮಾನದಲ್ಲಿ ಮೊದಲ ಸಲ ಹೊಗಳಿಕೆ ನನಗೆ ಬೇಡವಾಯಿತು.

"ಹಾಗಾದ್ರೆ ನಿಮಗೆ ಗೊತ್ತಿತ್ತು. ಗರಗಸ ನನ್ನ ಗುಡಿಸಲಲ್ಲಿತ್ತು ಅಂತ."

"ನಿಂಗೂ ಗೊತ್ತಿತ್ತು."

"ಕಡಿದವನು ನಾನು ಅಂದ್ಕೊಂಡ್ರಾ?"

"ನೀನಾ?" ಯಾಸೋಜಿ ಉಗುಳಿದ. "ಒಂದು ಗಂಟೆ ಗರಗಸ ಎಳೆಯೋನು ಮಧ್ಯದಲ್ಲಿ ಮಾತಾಡದೆ ಇರ್ಬೇಕು. ನಿನ್ನ ಕೈಲಾಗೋ ಕೆಲಸ ಅಲ್ಲ ಅದು."

ಮತ್ತೆ ದನಿ ಇಳಿಸಿದ. "ಮರ ಬೀಳೋ ದಿಕ್ಕಿಗೆ ಕೊಡಲಿ ಬಾಯಿ ಕೊಟ್ಟಿದ್ದು ಇಳಿಜಾರಿನ ಕಡೆಗೆ. ನೋಡಿದ್ಯಾ? ಹಿನೊಕಿನ ಕೆಳಮುಖ ಕೆಡವಿದ್ರೆ ಸೀಳಿಹೋಗುತ್ತೆ, ಅದು ಎಳೆಮಕ್ಕಳಿಗೂ ಗೊತ್ತು. ಕೆಳಗೆ ಕುಜುಮಿ ನಿಂತಿದ್ದ, ಅಳತೆಹಗ್ಗ ಹಿಡ್ಕೊಂಡು. ಕಡಿದದ್ದು ಅವನೇ ಕೂಲಿಗೆ ಕರೆಸಿದ ಆಳು ಇರ್ಬೇಕು. ಊರು ಬಾಗಿಲು ಹಾಕ್ಕೊಂಡಿರೋ ದಿನ ಪಕ್ಕದ ಮರ ಉರುಳಿಸಿ ದಾರಿ ಮಾಡ್ಕೊಂಡ್ರೆ, ಮಾರನೇ ದಿನ ಮುದಿಮರಕ್ಕೆ ಕೈ ಹಾಕಬಹುದು ಅಂತ. ಮರ ಬೀಳೋ ಮುಂಚೆ ಕಡಿಯೋನು ಕೂಗಿ ಎಚ್ಚರಿಸ್ತಾನೆ. ಎಚ್ಚರಿಕೆ ಕೇಳಿಸ್ಲಿಲ್ಲ."

"ಬಿದ್ದ ಮೇಲೆ ಕೂಗು ಕೇಳಿಸ್ತು."

"ಹೂಂ."

"ಓಯ್ ಅಂತ."

"ಒಂದು ಸಲ," ಎಂದ ಯಾಸೋಜಿ.

ನಮ್ಮ ಕಡೆ ಕಾಡಿನಲ್ಲಿ ಮನುಷ್ಯ ಮನುಷ್ಯನನ್ನು ಎರಡು ಸಲ ಕೂಗುತ್ತಾನೆ. ಒಂದೇ ಸಲ ಕೂಗುವುದು ಮರದೊಳಗಿನದು. ಅದಕ್ಕೆ ಓಗೊಟ್ಟವನ ದನಿಯನ್ನು ಅದು ಇಟ್ಟುಕೊಂಡುಬಿಡುತ್ತದೆ. ತೊಟ್ಟಿಲಲ್ಲೇ ಕಲಿತ ಪಾಠ.

"ಅರವತ್ತು ಮಾರು ದೂರ," ಯಾಸೋಜಿ ತನ್ನ ಕೈಗೇ ಹೇಳುತ್ತಿದ್ದ. "ಎರಡನೇ ಸಲ ಕೂಗಲಿ, ಹೋಗ್ತೀನಿ ಅಂತ ಕಾದೆ. ಕೂತ್ಕೊಂಡು ಕಿವಿ ಮುಚ್ಕೊಂಡೆ. ಎದೆ ಮೇಲೆ ಮರ ಇಟ್ಕೊಂಡೋನಿಗೆ ಎರಡನೇ ಕೂಗಿಗೆ ಉಸಿರೆಲ್ಲಿರುತ್ತೆ, ಗೆಂಪಾಚಿ?"

ಕೆಟಲಿನ ನೀರು ಉಕ್ಕಿ ಕೆಂಡ ಚುಸ್ಸೆಂದಿತು.

"ಹೋಗೋ ಹೊತ್ತಿಗೆ ಬಾಯಿ ತೆರಕೊಂಡೇ ಹೋಗಿದ್ದ. ಮೈ ಇನ್ನೂ ಬೆಚ್ಚಗಿತ್ತು. ನಾನೇನು ಮಾಡಿದೆ ಹೇಳ್ಲಾ? ಮನುಷ್ಯನ ಕಣ್ಣು ಮುಚ್ಚಲಿಲ್ಲ. ಮೋಟು ಬೋಳಾಗಿತ್ತು, ನೋಡೋಕಾಗ್ಲಿಲ್ಲ. ಮರಕ್ಕೆ ಕುಡಿ ನೆಟ್ಟೆ."

ಇಬ್ಬರೂ ಕುಡಿಯನ್ನೇ ನೋಡಿದೆವು.

"ಬನ್ನಿ ಚೌಕಿಗೆ," ಎಂದೆ. "ನಾನು ಗರಗಸದ ವಿಷಯ ಹೇಳ್ತೀನಿ, ನೀವು ಇದನ್ನ ಹೇಳಿ."

"ಎಣಿಕೆ ದಿನ ಬೆಟ್ಟ ಹತ್ತಿದ ಮೇಸ್ತ್ರಿ ಜೊತೆ ನಾಳೆಯಿಂದ ಯಾವನು ಕೊಡಲಿ ಹಿಡೀತಾನೆ? ನನ್ನ ಮಕ್ಕಳನ್ನೂ ಕೆಲಸಕ್ಕೆ ಸೇರಿಸಲ್ಲ."

"ಕುಮಾತಾ ನೇಣಿಗೆ ಹೋಗ್ತಾನೆ."

ಯಾಸೋಜಿ ಎಡಗೈಯಲ್ಲಿ ಕೆಟಲು ಇಳಿಸಿದ. "ಅವನಲ್ಲ. ಅದು ಮಾತ್ರ ಖಂಡಿತ. ನೀನು ಹೇಳು ಪೊಲೀಸಿಗೆ, ನಾನು ಹೇಳ್ದೆ ಅನ್ನಬೇಡ. ಕೂಗು ನಿಂತ ಮೇಲೆ ಇನ್ನೊಂದು ಸದ್ದಾಯ್ತು. ಬಾಯಿಂದಲ್ಲ. ಮುದಿಮರದ ಕಡೆಯಿಂದ, ಯಾರೋ ಮರಕ್ಕೆ ಕುಟ್ಟಿದ್ರು." ಅವನು ಬಗ್ಗದ ಬೆರಳುಗಳಿಂದ ಒಲೆಗುಂಡಿಯ ಚೌಕಟ್ಟಿಗೆ ಬಡಿದ. ಟಕ್ ಟಕ್. ತಡೆದ. ಟಕ್.

"ಮರಕುಟಿಗ ಇರ್ಬೇಕು."

"ಡಿಸೆಂಬರಲ್ಲಿ? ಕೇಳು. ಸ್ವಲ್ಪ ಹೊತ್ತಿಗೆ ದೂರದಿಂದ, ಆಚೆ ಗುಡ್ಡದಲ್ಲಿ ಕುಮಾತಾನ ಇದ್ದಿಲು ಗೂಡಿದೆಯಲ್ಲ, ಆ ಕಡೆಯಿಂದ ಅದೇ ತಾಳ ವಾಪಸ್ ಬಂತು. ಟಕ್ ಟಕ್, ಟಕ್. ಕುಟ್ಟಿದವರು ಇಬ್ಬರು. ಒಬ್ಬರು ಹೆಣದ ಹತ್ರ. ಇನ್ನೊಬ್ಬರು ಗೂಡಿನ ಹತ್ರ."

"ಗೂಡಿನ ಹತ್ರ ಇದ್ದವನು ಕುಮಾತಾ ಆದ್ರೆ..."

"ಮರ ಕಡಿದವನು ಅವನಲ್ಲ," ಎಂದ ಯಾಸೋಜಿ. "ಓಡು. ಬಸ್ಸು ಬರುತ್ತೆ."

*

ಓಡಿದೆ. ಜಿಂಕೆಗಳು ದಾರಿ ಬಿಟ್ಟವು. ಒಂದೂವರೆ ಹರದಾರಿಯನ್ನು ನಾಲ್ಕು ಉಸಿರಿನಲ್ಲಿ ಮುಗಿಸಿದೆ. ಐದನೆಯದು ಚೌಕಿಯ ಮುಂದೆ ಸಿಕ್ಕಿತು.

ಬಸ್ಸು ಕೆಳಗಿನ ತಿರುವಿನಲ್ಲಿ ಏದುಸಿರು ಬಿಡುತ್ತಾ ಹತ್ತುತ್ತಿತ್ತು.

ಚೌಕಿಯ ಹಲಗೆ ಗೋಡೆಗೆ ಒರಗಿ ಒತಾಕಿ ಕೂತಿದ್ದಳು, ಕುಮಾತಾನ ಹೆಂಡತಿ. ಮೂರು ದಿನದಿಂದ ಅಲ್ಲೇ ಕೂತಿದ್ದಾಳೆ. ಹಳ್ಳಿಯವರು ಒಂದು ಲೋಟ ಬಿಸಿನೀರೂ ಕೊಟ್ಟಿಲ್ಲ. ಇದ್ದಿಲಿನವರಿಗೆ ಊರೂಟಕ್ಕೇ ಕರೆಯಿಲ್ಲ, ನೀರೆಲ್ಲಿ? ಮಡಿಲಲ್ಲಿ ಅನ್ನದುಂಡೆಗಳ ಗಂಟು.

"ಅಣ್ಣಾ, ಬಸ್ಸು ಬಂತಾ?" ಎಂದಳು ತಲೆಯೆತ್ತದೆ.

ಅವಳನ್ನು ದಾಟಿ ಒಳಗೆ ನುಗ್ಗಿದೆ.

"ಪೊಲೀಸಪ್ಪನೋರೇ, ಹೊಳೆ ಜಾಲಾಡೋದು ನಿಲ್ಸಿ," ಎಂದೆ. "ಗರಗಸ ನನ್ನ ಗೋಡೆ ಮೇಲಿದೆ. ಹನ್ನೊಂದನೇ ತಾರೀಖು ಕುಮಾತಾನೇ ಹರಿತಕ್ಕೆ ಕೊಟ್ಟು ಹೋಗಿದ್ದ. ನಾನು ಊಟಕ್ಕೆ ಹೋದಾಗ ಯಾರೋ ತಗೊಂಡು, ಕೆಲಸ ಮುಗಿಸಿ, ವಾಪಸ್ ನೇತುಹಾಕಿದಾರೆ."

ಮಿಕುರಿಯಾ ಟೋಪಿ ಸರಿಮಾಡಿಕೊಳ್ಳುತ್ತಿದ್ದವನು ಹಾಗೇ ನಿಂತ. "ಮೂರು ದಿನ," ಎಂದ. "ಮೂರು ದಿನ ಮೊಣಕಾಲುದ್ದ ಹಿಮದ ನೀರಲ್ಲಿ ನಿಲ್ಲಿಸಿದ್ಯಲ್ಲೋ ನನ್ನ. ಈಗ ಹೇಳ್ತಿದೀಯಾ?"

"ಹೆದರಿದ್ದೆ."

"ನೀನು?"

"ನಾನೇ."

ಕಂಬಿಯ ಹಿಂದೆ ಕುಮಾತಾ ಮೊದಲ ಬಾರಿಗೆ ತಲೆಯೆತ್ತಿದ. ಕೃತಜ್ಞತೆ ಕಾಣುತ್ತದೆ ಎಂದುಕೊಂಡಿದ್ದೆ. ಅವನ ಕಣ್ಣಲ್ಲಿದ್ದದ್ದು ಭಯ. 'ಸುಮ್ಮನಿರು' ಎನ್ನುವಂತೆ ಬಲು ಮೆಲ್ಲಗೆ ತಲೆಯಾಡಿಸಿದ.

"ಸರಿ," ಮಿಕುರಿಯಾ ಬೀಗದಕೈ ತೆಗೆದ. "ಹಾಗಾದ್ರೆ ಗರಗಸ ಇವನ ಕೈಲಿರಲಿಲ್ಲ. ಯಾರು ತಗೊಂಡ್ರು? ಒಂದು ಹೆಸರು ಹೇಳು. ಇಲ್ಲಾಂದ್ರೆ ಅದು ಇದ್ದದ್ದು ನಿನ್ನ ಹತ್ರ. ಪಟ್ಟಣಕ್ಕೆ ಒಬ್ಬನನ್ನ ತರ್ತೀನಿ ಅಂತ ಬರೆದಾಗಿದೆ, ಬಸ್ಸಲ್ಲಿ ನನ್ನ ಪಕ್ಕ ಸೀಟೂ ಇದೆ."

ಹೊರಗೆ ಬಸ್ಸು ಬಂದು ನಿಂತಿತು.

ಒತಾಕಿ ಬಾಗಿಲಿಗೆ ಬಂದಳು. "ದಾರಿಗೆ ಬುತ್ತಿ," ಎಂದು ಗಂಟನ್ನು ಮಿಕುರಿಯಾನ ಮೇಜಿನ ಮೇಲಿಟ್ಟಳು. ಕೆಂಪು ಬಟ್ಟೆ. ಒಂದು ಮೂಲೆಯಲ್ಲಿ ಅಂಗೈಯಗಲ ಕತ್ತರಿಸಿ ತೆಗೆದಿತ್ತು. ಕತ್ತರಿಸಿದ ಅಂಚಿಗೆ ಬಿಳಿ ದಾರದ ಹೊಲಿಗೆ.

ಮುದಿಮರದ ಬೇರು ಕಣ್ಣ ಮುಂದೆ ಬಂತು. ಹೊಳೆಯ ಕಲ್ಲು. ಜೊಲ್ಲುಬಟ್ಟೆ. ಊರೂಟಕ್ಕೇ ಕರೆಯಿಲ್ಲದವರ ಮಗು, ಕುಜುಮಿ ಕಡಿಯಲು ಬಂದ ಮರದಡಿ ಮಲಗಿತ್ತು.

ಅವಳು ಹೊರಗೆ ಹೋಗಿ, ಕುಮಾತಾ ಒರಗಿದ್ದ ಗೋಡೆಯ ಆಚೆಬದಿಗೆ ನಿಂತು, ಬೆರಳಗೆಣ್ಣಿನಿಂದ ಹಲಗೆಗೆ ಕುಟ್ಟಿದಳು. ಇದ್ದಿಲು ಹೊಗೆಯಲ್ಲಿ ಬಾಯಿ ತೆರೆಯಲಾಗದೆ ಗಂಡಹೆಂಡಿರು ಕುಟ್ಟಿ ಮಾತಾಡುತ್ತಾರಲ್ಲ, ಹಾಗೆ.

ಟಕ್ ಟಕ್. ತಡೆ. ಟಕ್.

ಕುಮಾತಾ ಕಣ್ಣು ಮುಚ್ಚಿದ. ಕೋಳದ ಕೈಯೆತ್ತಿ ಒಳಗಿನಿಂದ ಮರುಕುಟ್ಟಿದ.

ಟಕ್ ಟಕ್. ಟಕ್.

"ಹೆಸರು," ಎಂದ ಮಿಕುರಿಯಾ.

ಏಳು ಕಣಿವೆಗಳಲ್ಲಿ ಹೆಸರಾದ ನನ್ನ ಬಾಯಿಗೆ ಆಗ ಒಂದೇ ಹೆಸರು ಬಂತು. ಬಂದದ್ದನ್ನು ಹಲ್ಲು ಬಿಡಲಿಲ್ಲ. ಕಿಟಕಿಯಾಚೆ ಒತಾಕಿ ನನ್ನನ್ನೇ ನೋಡುತ್ತಿದ್ದಳು. ಎಲ್ಲವೂ ನನಗೆ ತಿಳಿಯಿತೆಂದು ಅವಳಿಗೆ ತಿಳಿದಿತ್ತು.

"ಗೆಂಪಾಚಿ ಅಣ್ಣಾ," ಎಂದಳು.

ಒಂದೇ ಸಲ.

ಎರಡನೇ ಕೂಗಿಗೆ ಕಾಯಬಹುದಿತ್ತು. ಅರವತ್ತು ಮಾರು ದೂರದಲ್ಲಿ ಕಿವಿ ಮುಚ್ಚಿಕೊಂಡು ಕೂತ ಮುದುಕ ನೆನಪಾದ.

"ಓ," ಎಂದೆ. ಓಗೊಟ್ಟವನ ದನಿ ಅವಳ ಬಳಿ ಉಳಿಯಿತು, ಹೆಸರು ನನ್ನೊಳಗೆ.

ಬೀಗ ಕಿರುಗುಟ್ಟಿತು. ಮಿಕುರಿಯಾ ಕುಮಾತಾನ ಕೋಳ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಒಮ್ಮೆ ನನ್ನನ್ನು, ಒಮ್ಮೆ ನನ್ನ ಕಣ್ಣು ನೆಟ್ಟಿದ್ದ ಕಿಟಕಿಯನ್ನು ನೋಡಿದ.